ತೀರ್ಪುಗಾರನ ದಾಕ್ಷಿಣ್ಯ ಯಾರ ಪಾಲಿಗೆ?

‘ಕಂಬಳದ ತೀರ್ಪುಗಾರರು ತುಸು ಸಡಿಲವಾಗಿದ್ದರೇ ಚೆಂದ, ಮಾತೆತ್ತಿದರೆ ನಿಯಮವೆಂದರೆ ಕೂಟದ ಕಳೆಯೇ ಹೋಗುತ್ತದೆ’ ಎಂಬ ಮಾತನ್ನು ಕೊಕ್ಕಡ, ವೇಣೂರು, ಮೂಡುಬಿದಿರೆಗಳ ಕಡೆ ನಮ್ಮ ಸಮಾಜ ಬಾಂಧವರ ಬಾಯಿಂದಲೇ ಕೇಳುತ್ತಿದ್ದೇವೆ. ಇಬ್ಬರಿಗೂ ಸಮಾನವಾಗಿ ಸಡಿಲ ಬಿಟ್ಟ ಮೇಲೆ ಅನ್ಯಾಯವೆಲ್ಲಿಯದು ಎಂಬುದು ಅವರ ಪ್ರಶ್ನೆ. ಮೇಲ್ನೋಟಕ್ಕೆ ಸಮಂಜಸವೆನಿಸುವ ಈ ವಾದ ಬುಡದಲ್ಲಿಯೇ ಟೊಳ್ಳು.

ಗಂತಿನಲ್ಲಿ ನಡೆಯುವುದನ್ನು ನೋಡಿ. ಒಬ್ಬ ಯಜಮಾನರ ಕಡೆಯವರು ಹೊತ್ತಿಗೆ ಸರಿಯಾಗಿ ಕೋಣಗಳನ್ನು ಕರೆಗಿಳಿಸಿ ಸಜ್ಜಾಗಿ ನಿಲ್ಲುತ್ತಾರೆ. ಇನ್ನೊಂದು ಕಡೆಯವರು ತಮ್ಮ ಜೋಡಿಯನ್ನು ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಎದುರಾಳಿಯ ಕೋಣಗಳು ನಿಂತು ನಿಂತೇ ಬಳಲಲಿ ಎಂಬುದು ಅವರ ಲೆಕ್ಕಾಚಾರ. ‘ಹೋಗಲಿ, ಮರ್ಯಾದಸ್ಥರ ಮನೆಯ ಕೋಣ’ ಎಂದು ತೀರ್ಪುಗಾರರು ಸುಮ್ಮನಾಗುತ್ತಾರೆ. ಸಡಿಲಿಕೆ ಇಬ್ಬರಿಗೂ ಇತ್ತು, ನಿಜ, ಬಳಸಿಕೊಂಡವನು ಒಬ್ಬನೇ. ನಿಯಮಕ್ಕೆ ತಲೆಬಾಗಿದವನು ತಲೆಬಾಗಿದ್ದಕ್ಕಾಗಿಯೇ ಸೋತ. ಬೆಳಿಗ್ಗೆ ಆರಂಭವಾದ ಕಂಬಳ ಮರುದಿನ ಮಧ್ಯಾಹ್ನದವರೆಗೆ ಎಳೆಯುವುದಕ್ಕೂ ಇದೊಂದು ಮುಖ್ಯ ಕಾರಣ. ಮಂಜೊಟ್ಟಿಯಲ್ಲಿ ಲೇಸರ್ ಕಿರಣವಿಟ್ಟು ಕೂದಲೆಳೆಯ ಅಂತರವನ್ನು ಅಳೆಯುವ ನಾವು, ಗಂತಿನಲ್ಲಿ ಕಣ್ಣೆದುರೇ ಕಳೆದುಹೋಗುವ ಹೊತ್ತನ್ನು ಕಾಣದವರಂತೆ ಕುಳಿತಿರುವುದು ವಿಚಿತ್ರವೇ ಸರಿ.

ಇದು ನಮ್ಮ ಸೀಮೆಯೊಂದರದೇ ವ್ಯಾಧಿಯಲ್ಲ. ದೊಡ್ಡ ಪಂದ್ಯಗಳಲ್ಲಿ ತೀರ್ಪುಗಾರರು ಅಡ್ಡಬರಬಾರದೆನ್ನುವವರು ಅಮೆರಿಕನ್ ಫುಟ್‌ಬಾಲಿನಲ್ಲಿಯೂ ಇದ್ದಾರೆ. 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸಿನ ಸೇಂಟ್ಸ್ ಮತ್ತು ಲಾಸ್ ಏಂಜಲೀಸಿನ ರಾಮ್ಸ್ ತಂಡಗಳ ಪಂದ್ಯದ ಕೊನೆಯ ನಿಮಿಷಗಳಲ್ಲಿ, ಚೆಂಡು ಕೈಸೇರುವ ಮೊದಲೇ ಸೇಂಟ್ಸ್ ಆಟಗಾರನಿಗೆ ಎದುರಾಳಿ ಢಿಕ್ಕಿ ಹೊಡೆದ. ದಂಡ ವಿಧಿಸಲಿಲ್ಲ. ಅದು ದಾಕ್ಷಿಣ್ಯವೋ ಪ್ರಮಾದವೋ, ಪರಿಣಾಮ ಒಂದೇ: ರಾಮ್ಸ್ ಗೆದ್ದು ಅಂತಿಮ ಪಂದ್ಯಕ್ಕೆ ಹೋಯಿತು. ತಪ್ಪಾಯಿತೆಂದು ಆಡಳಿತದವರು ಒಪ್ಪಿಕೊಂಡರೂ ಫಲಿತಾಂಶ ಬದಲಾಗಲಿಲ್ಲ.

ಅಲ್ಲಿ ನೊಂದವರ ಅಭಿಮಾನಿಗಳು ನ್ಯಾಯಾಲಯದ ಮೆಟ್ಟಿಲನ್ನಾದರೂ ಹತ್ತಿದರು. ನಮ್ಮ ಕರೆಯಲ್ಲಿ ನೋಯುವ ಜೀವಕ್ಕೆ ಬಾಯಿಲ್ಲ. ಒಂದು ಏಟು ಹೆಚ್ಚಾಯಿತೆಂದು ಕೋಣ ದೂರು ಕೊಡುವುದಿಲ್ಲ. ಅದರ ಪರವಾಗಿ ಮಾತನಾಡಬೇಕಾದವನು ತೀರ್ಪುಗಾರನೇ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನಿಂದ ಕಂಬಳ ನಿಂತಿತು. 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಅದನ್ನು ಎತ್ತಿಹಿಡಿದ ಸಂವಿಧಾನ ಪೀಠ, ನಿಯಮಗಳ ಕಟ್ಟುನಿಟ್ಟಿನ ಪಾಲನೆಗೆ ಜಿಲ್ಲಾಡಳಿತವನ್ನೇ ಹೊಣೆಯಾಗಿಸಿತು. ಹಿಂಸೆಯನ್ನು ಕನಿಷ್ಠಗೊಳಿಸುವೆವೆಂಬ ಮಾತಿನ ಮೇಲೆಯೇ ಇಂದು ಕಂಬಳ ಉಳಿದಿದೆ. ಆ ಮಾತನ್ನು ಗಂತಿನಲ್ಲಿ ನಿಂತು ಮುರಿಯುವವರೂ ಸಂಪ್ರದಾಯ ರಕ್ಷಕರೆನಿಸಿಕೊಳ್ಳುವುದು ಹೇಗೆ?

ಅನ್ಯರ ಮಾತಿರಲಿ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅನ್ನಪಾನ ತಡೆಯುವುದು ಸೇರಿವೆಯೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ನಮ್ಮ ಆಚಾರ್ಯರು ಒಟ್ಟಿಗೇ ಎಣಿಸಿದ್ದಾರೆ. ಬೆತ್ತ ಬೀಸಿದವನದು ಕೃತ, ಬೀಸೆಂದವನದು ಕಾರಿತ. ನೋಡಿಯೂ ಮುಖ ತಿರುಗಿಸಿದ ತೀರ್ಪುಗಾರನದು ಅನುಮೋದನೆಯಲ್ಲದೆ ಮತ್ತೇನು? ಅವನ ಬೆನ್ನಿಗೆ ಬಹುಮಾನದ ಪದಕ ಕೊಟ್ಟ ಮನೆತನದ್ದು, ಆಮಂತ್ರಣದಲ್ಲಿ ಹೆಸರು ಹಾಕಿಸಿಕೊಂಡ ಆಡಳಿತ ಮೊಕ್ತೇಸರರದ್ದು?

ಕಂಬಳ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಕರೆಯ ಬದಿಯಲ್ಲಿ ರಾತ್ರಿ ಕಳೆದವರಲ್ಲಿ ನಾನೂ ಒಬ್ಬ. ಗಂತಿನಲ್ಲಿ ಎಲ್ಲರಿಗೂ ಕಾಣುವ ಗಡಿಯಾರವಿರಲಿ. ಅವಧಿ ಮೀರಿದ ಜೋಡಿ, ಅದು ಯಾವ ಬೀಡಿನದೇ ಆಗಲಿ, ಸೋತಂತೆ ಘೋಷಣೆಯಾಗಲಿ. ಹೊಡೆತ ಕಂಡರೆ ಪದಕ ಹಿಂದಕ್ಕೆ ಬರಲಿ. ದೇಣಿಗೆ ಕೊಡುವ ನಮ್ಮ ಟ್ರಸ್ಟುಗಳು ಇಷ್ಟನ್ನು ಲಿಖಿತವಾಗಿ ಕೇಳಿದರೆ ಯಾವ ಸಮಿತಿಯೂ ಇಲ್ಲವೆನ್ನಲಾರದು. ಬರುವ ಋತುವಿನಲ್ಲಿ ರಸೀದಿ ಪುಸ್ತಕ ಹಿಡಿದು ಬರುವವರಿಗೆ, ಗಡಿಯಾರ ಎಲ್ಲಿಡುತ್ತೀರೆಂದು ನಾನಂತೂ ಮೊದಲು ಕೇಳುವವನಿದ್ದೇನೆ.