ತಂಬುಳಿಯ ಬಟ್ಟಲು, ತೋಟದ ಬದು

ಮುಂಗಾರು ಹಿಡಿದು ಹದಿನೈದು ದಿನ ಕಳೆದರೆ ಸಾಕು, ಮಲೆನಾಡಿನ ಅಡಿಕೆ ತೋಟದ ಬದುಗಳಲ್ಲಿ, ಬಚ್ಚಲ ನೀರು ಹರಿಯುವ ಹಿತ್ತಲುಗಳಲ್ಲಿ ಒಂದೆಲಗ ಹಬ್ಬತೊಡಗುತ್ತದೆ. ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ನೆಲವನ್ನು ಅಪ್ಪಿಕೊಳ್ಳುವ ಈ ಪುಟ್ಟ ಬಳ್ಳಿ ಬೀಜ, ಗೊಬ್ಬರ, ಪಾತಿ ಯಾವುದನ್ನೂ ಕೇಳುವುದಿಲ್ಲ. ಅದಕ್ಕೆ ಬೇಕಾದುದು ಎರಡೇ: ತೇವವಿರುವ ನೆಲ ಮತ್ತು ಅದನ್ನು ಕೊಯ್ದು ಉಣ್ಣುವ ಮನೆ. ಮೊದಲನೆಯದು ಮಲೆನಾಡಿನಲ್ಲಿ ಇನ್ನೂ ಉಳಿದಿದೆ. ಎರಡನೆಯದು ದಿನದಿಂದ ದಿನಕ್ಕೆ ಕರಗುತ್ತಿದೆ.

ಕಳೆ ಯಾವುದು, ಸೊಪ್ಪು ಯಾವುದು ಎಂಬುದನ್ನು ಸಸ್ಯಶಾಸ್ತ್ರ ನಿರ್ಧರಿಸುವುದಿಲ್ಲ, ಅಡುಗೆಮನೆ ನಿರ್ಧರಿಸುತ್ತದೆ. ಉಣ್ಣುವವರು ಇರುವವರೆಗೆ ಒಂದೆಲಗ ಸೊಪ್ಪು. ಅದರ ರುಚಿ ಮರೆತ ಮನೆಗೆ ಅದು ಬರಿಯ ಕಳೆ. ಕಳೆಯೆಂದು ಹೆಸರು ಬಿದ್ದೊಡನೆ ಅದರ ಮೇಲೆ ಕಳೆನಾಶಕವೂ ಬೀಳುತ್ತದೆ. ಗ್ಲೈಫೋಸೇಟ್ ಎಲೆಯ ಮೂಲಕ ಒಳಹೊಕ್ಕು ಬೇರಿನವರೆಗೆ ಸಾಗಿ ಗಿಡವನ್ನು ಕೊಲ್ಲುವ ರಾಸಾಯನಿಕ. ಸೊಪ್ಪೋ ಕಳೆಯೋ ಎಂದು ಅದು ವಿಚಾರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಇದರ ಬಳಕೆಯನ್ನು ನಿರ್ಬಂಧಿಸುವ ಅಧಿಸೂಚನೆಯನ್ನೂ ಹೊರಡಿಸಿತು. ಆದರೆ ಅಧಿಸೂಚನೆಗಳು ತೋಟದ ಬದುವಿನವರೆಗೆ ನಡೆದುಬರುವುದು ಅಪರೂಪ. ಬದುವನ್ನು ಕಾಯಬಲ್ಲದ್ದು ಊಟದ ತಟ್ಟೆ.

ಆ ತಟ್ಟೆಗೆ ದಾರಿ ಬಹಳ ಸುಲಭ. ನಾಲ್ಕು ಜನರ ಮನೆಗೆ ಎರಡು ಹಿಡಿ ಒಂದೆಲಗವನ್ನು ಎಲೆ, ದಂಟು ಸಹಿತ ಕಿತ್ತು, ಮಣ್ಣು ಹೋಗುವಂತೆ ನಾಲ್ಕಾರು ನೀರಿನಲ್ಲಿ ತೊಳೆಯಬೇಕು. ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪು ಮತ್ತು ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ಅರೆಯಬೇಕು. ಎರಡು ಲೋಟ ಕಡೆದ ಮಜ್ಜಿಗೆಗೆ ಇದನ್ನು ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಕುದಿಸುವ ಕೆಲಸವಿಲ್ಲ. ಕಾಲು ಗಂಟೆ ಸಾಕು. ಮಕ್ಕಳಿಗೆ ಮೆಣಸು ಕಡಿಮೆ ಮಾಡಿ, ಚೂರು ಬೆಲ್ಲ ಸೇರಿಸಿದರೆ ಅವರೂ ಬಟ್ಟಲು ಚಾಚುತ್ತಾರೆ. ಹಲ್ಲಿಲ್ಲದ ಅಜ್ಜನಿಗೂ ಬಿಸಿ ಅನ್ನದೊಡನೆ ಇದು ಹಿತ.

ಒಂದನ್ನು ಕಲಿತವರಿಗೆ ಹತ್ತು ಬಂದಂತೆಯೇ. ದೊಡ್ಡಪತ್ರೆಯಾದರೆ ಹತ್ತು ಹನ್ನೆರಡು ಎಲೆಗಳನ್ನು ತುಪ್ಪದಲ್ಲಿ ಬಾಡುವವರೆಗೆ ಹುರಿದು ಅರೆಯಬೇಕು. ಪೇರಲೆ ಕುಡಿ, ದಾಳಿಂಬೆ ಕುಡಿ, ನೆಲ್ಲಿಕಾಯಿ, ಶುಂಠಿ, ಮೆಂತ್ಯ ಎಲ್ಲಕ್ಕೂ ಕ್ರಮ ಹೆಚ್ಚುಕಡಿಮೆ ಅದೇ. ಮೊದಲ ಮಳೆಗೆ ರಸ್ತೆಬದಿಯಲ್ಲಿ, ಬೇಲಿಯ ಬುಡದಲ್ಲಿ ಏಳುವ ತಗಚೆಯ ಎಳೆಯ ಎಲೆಗಳಿಗೆ ಬೇಯಿಸಿದ ಹಲಸಿನ ಬೀಜ, ಕಾಯಿತುರಿ ಸೇರಿಸಿದರೆ ಸೊಗಸಾದ ಪಲ್ಯ. ಬೇಸಿಗೆಯಲ್ಲಿ ಉಳಿಸಿಟ್ಟ ಹಲಸಿನ ಬೀಜ, ಮಳೆಯೊಡನೆ ಬಂದ ಸೊಪ್ಪು: ಎರಡಕ್ಕೂ ಪೇಟೆಯ ಹಂಗಿಲ್ಲ.

ಇಷ್ಟನ್ನು ಹೇಳುವಾಗ ಅತಿಶಯೋಕ್ತಿಯಿಂದ ದೂರವಿರುವುದೂ ಅಗತ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ತಂಬುಳಿಯೊಂದೇ ಇದಕ್ಕೆ ಮದ್ದಲ್ಲ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶದಲ್ಲಿ ದೇಹಕ್ಕೆ ಸೇರುವುದು ಸ್ವಲ್ಪವೇ. ಮಜ್ಜಿಗೆಯಲ್ಲಿರುವ ಸುಣ್ಣದ ಅಂಶ ಅದನ್ನೂ ತುಸು ತಡೆಯುತ್ತದೆ. ಹೀಗಾಗಿ ತಂಬುಳಿಯ ಜೊತೆಗೆ ಲಿಂಬೆರಸ ಹಿಂಡಿದ ಸೊಪ್ಪಿನ ಪಲ್ಯ, ಹುರುಳಿ ಹೆಸರುಗಳಂಥ ಕಾಳು, ಒಂದು ನೆಲ್ಲಿಕಾಯಿ ಇರಬೇಕು. ಹುಳಿ ಹಣ್ಣುಗಳ ಸಿ ಜೀವಸತ್ವವು ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟವಾದೊಡನೆ ಚಹಾ ಕುಡಿಯುವ ರೂಢಿಯನ್ನು ಒಂದು ಗಂಟೆ ಮುಂದೂಡಿದರೂ ಲಾಭವಿದೆ. ಚಹಾದ ಒಗರು ಕಬ್ಬಿಣವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನಂತೂ ಸೊಪ್ಪಿನ ನೆಪದಲ್ಲಿ ಬಿಡಬಾರದು.

ಹಿರಿಯರ ಅಡುಗೆಯಲ್ಲಿ ರುಚಿಯಷ್ಟೇ ಅಲ್ಲ, ಎಚ್ಚರವೂ ಇತ್ತು. ಎಳೆ ಬಿದಿರಿನ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಅನಂತರವೇ ಬೇಯಿಸುವುದು ವಾಡಿಕೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ನೆನೆಸಿ ಬೇಯಿಸಿದಾಗ ಅದು ಇಳಿದುಹೋಗುತ್ತದೆ. ಕೆಸುವಿನ ಎಲೆಯಲ್ಲಿ ಗಂಟಲು ಕೆರೆಯುವ ಸೂಜಿಯಂಥ ಹರಳುಗಳಿವೆ. ಚೆನ್ನಾಗಿ ಬೇಯಿಸದೆ, ಹುಳಿ ಹಾಕದೆ ಅದನ್ನು ಉಣ್ಣಬಾರದೆಂಬುದು ಅಜ್ಜಿಯಂದಿರಿಗೆ ಗೊತ್ತಿತ್ತು. ಹಿತ್ತಲಿನಲ್ಲಿ ಬೆಳೆಯುವ ಚಕ್ರಮುನಿ ಸೊಪ್ಪನ್ನು ಇಲ್ಲಿ ಬೇಯಿಸಿ, ಇತರ ಪದಾರ್ಥಗಳೊಡನೆ ಆಗಾಗ ಸ್ವಲ್ಪ ಉಣ್ಣುತ್ತಾರೆ. ತೈವಾನಿನಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಮೈತೂಕ ಇಳಿಸುವ ಆಸೆಯಿಂದ ಇದೇ ಸೊಪ್ಪಿನ ಹಸಿ ರಸವನ್ನು ನಿತ್ಯವೂ ಕುಡಿದ ಅನೇಕರ ಶ್ವಾಸಕೋಶಕ್ಕೆ ಗುಣವಾಗದಂಥ ಹಾನಿಯಾಯಿತು. ಸೊಪ್ಪು ಅದೇ, ಬಳಸುವ ತಿಳಿವಳಿಕೆ ಬೇರೆ. ಗಿಡ ಉಳಿದು, ಅದನ್ನು ಉಣ್ಣುವ ಕ್ರಮ ಅಳಿದರೆ ಅರ್ಧವಷ್ಟೇ ಉಳಿದಂತೆ.

ಕೂಲಿಯಾಳುಗಳ ಕೊರತೆಯಿಂದ ಕಳೆನಾಶಕ ಅನಿವಾರ್ಯವೆಂದು ಹೇಳುವ ಕೃಷಿಕರ ಕಷ್ಟ ಸುಳ್ಳಲ್ಲ. ಆದರೆ ಯಂತ್ರದಿಂದ ಸವರಿದ ಗಿಡ ಬೇರಿನಿಂದ ಮತ್ತೆ ಚಿಗುರುತ್ತದೆ, ಸವರಿದ ಹಸಿರು ಅಡಿಕೆ ಬುಡಕ್ಕೆ ಮುಚ್ಚಿಗೆಯಾಗುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗುವುದೂ ತಗ್ಗುತ್ತದೆ. ಯಂತ್ರವನ್ನು ನಾಲ್ಕು ಮನೆಯವರು ಕೂಡಿ ಕೊಂಡು, ಸರದಿಯಂತೆ ಬಳಸಬಹುದು. ಇಡೀ ತೋಟಕ್ಕೆ ಆಗದಿದ್ದರೆ ಕಾಲುವೆಯ ಎರಡೂ ದಡಗಳನ್ನು, ಹಿತ್ತಲನ್ನು ಈ ವರ್ಷ ವಿಷಮುಕ್ತವಾಗಿ ಬಿಡಬಹುದು. ಸಿಂಪಡಿಸಿದ ಜಾಗದ ಸೊಪ್ಪನ್ನಂತೂ ಯಾರೂ ಕೊಯ್ಯಬಾರದು.

ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಮನೆಯ ಅಜ್ಜಿ ಅಥವಾ ಅಮ್ಮನೊಡನೆ ಹಿತ್ತಲಿನಿಂದ ಗದ್ದೆಯಂಚಿನವರೆಗೆ ಒಮ್ಮೆ ನಡೆದು, ಅವರು ಗುರುತಿಸುವ ಸೊಪ್ಪುಗಳ ಹೆಸರು, ಸಿಗುವ ಕಾಲ, ಅಡುಗೆಯ ಕ್ರಮ, ಪಾಲಿಸಬೇಕಾದ ಎಚ್ಚರ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ಹೆಸರಿನಲ್ಲಿ ಎರಡು ಗಿಡಗಳಿರುವುದುಂಟು: ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿಯೆಂದೇ ಕರೆಯುತ್ತಾರೆ. ಆದ್ದರಿಂದ ಗೊತ್ತಿದ್ದವರು ತೋರಿಸದ ಗಿಡವನ್ನು ಬಾಯಿಗಿಡಬಾರದು. ಈ ಪಟ್ಟಿಯನ್ನು ಬರೆದುಕೊಡಬಲ್ಲವರು ಎಲ್ಲ ಕಾಲಕ್ಕೂ ಇರುವುದಿಲ್ಲ.

ಕಾಡನ್ನು ಉಳಿಸುವ ಹೋರಾಟಕ್ಕೆ ಸಭೆ, ಮನವಿ, ನ್ಯಾಯಾಲಯಗಳು ಬೇಕು. ಬದುವನ್ನು ಉಳಿಸಲು ಅಷ್ಟೆಲ್ಲ ಬೇಕಿಲ್ಲ. ವಾರಕ್ಕೊಂದು ದಿನ ಮನೆಯಲ್ಲಿ ತಂಬುಳಿಯಾದರೆ ಸಾಕು. ನಾಳೆಯ ಊಟಕ್ಕೆ ಸೊಪ್ಪು ಕೊಯ್ಯಬೇಕಾದ ಬದುವಿಗೆ ಇಂದು ಯಾರೂ ವಿಷ ಸುರಿಯುವುದಿಲ್ಲ.