ಉತ್ತರ ಸಿಕ್ಕಿತು, ಅರ್ಥ ಸಿಗಲಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಇಂಗ್ಲಿಷ್ ಅಭ್ಯಾಸದ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟು, “ಅಜ್ಜ, ಹತ್ತರಲ್ಲಿ ಹತ್ತು” ಎಂದಳು. ಹಾಳೆಯ ಮೇಲ್ಭಾಗದಲ್ಲಿ ಇಪ್ಪತ್ತು ಸಾಲುಗಳ ಒಂದು ಗದ್ಯಭಾಗ. ಅದರ ಕೆಳಗೆ ಹತ್ತು ಪ್ರಶ್ನೆಗಳು. ನಮ್ಮ ಶಾಲೆಗಳಲ್ಲಿ ‘ಕಾಂಪ್ರಿಹೆನ್ಷನ್ ಪ್ಯಾಸೇಜ್’ ಎಂದು ಕರೆಯಲ್ಪಡುವ ವಸ್ತು ಇದೇ. ವಿಷಯ ನೆಲ್ಸನ್ ಮಂಡೇಲಾ. 1918ರಲ್ಲಿ ಜನನ, 27 ವರ್ಷಗಳ ಸೆರೆವಾಸ, 1990ರಲ್ಲಿ ಬಿಡುಗಡೆ, 1993ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ, 1994ರಲ್ಲಿ ರಾಷ್ಟ್ರಾಧ್ಯಕ್ಷ ಪದವಿ. ಎಲ್ಲ ಉತ್ತರಗಳಿಗೂ ಕೆಂಪು ಶಾಯಿಯ ಗುರುತು ಬಿದ್ದಿತ್ತು.

ಸಂತೋಷದಿಂದಲೇ ಕೇಳಿದೆ: “ಮಂಡೇಲಾರನ್ನು ಯಾಕೆ ಜೈಲಿಗೆ ಹಾಕಿದರು, ಮಗಾ?” ಅವಳು ಹಾಳೆಯಲ್ಲಿದ್ದ ವಾಕ್ಯವನ್ನೇ ಇಂಗ್ಲಿಷಿನಲ್ಲಿ ಥಟ್ಟನೆ ಒಪ್ಪಿಸಿದಳು: ಅಪಾರ್ಥೈಡಿನ ವಿರುದ್ಧ ಹೋರಾಡಿದ್ದಕ್ಕೆ. “ಅಪಾರ್ಥೈಡ್ ಅಂದರೆ ಏನು?” ಎಂದೆ. ಅವಳು ಹಾಳೆಯತ್ತ ನೋಡಿದಳು, ನನ್ನತ್ತ ನೋಡಿದಳು. ಆಮೇಲೆ ಹೇಳಿದಳು: “ಅದನ್ನು ಕೇಳಿಲ್ಲ, ಅಜ್ಜ.”

ಈ ಲೇಖನ ಹುಟ್ಟಿದ್ದು ಆ ಮೂರು ಪದಗಳಿಂದ. ಮಗುವಿನ ತಪ್ಪೇನೂ ಇಲ್ಲ. ಕೇಳಿದ್ದಕ್ಕೆಲ್ಲ ಅವಳು ಉತ್ತರಿಸಿದ್ದಾಳೆ. ಕೇಳಬೇಕಾದುದನ್ನು ಕೇಳದವರು ನಾವು. ‘ಅರ್ಥಗ್ರಹಣ’ ಎಂಬ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ನಡೆಯುತ್ತಿರುವುದು ಅರ್ಥವನ್ನು ತಪ್ಪಿಸಿಕೊಂಡು ಹೋಗುವ ಅಭ್ಯಾಸ ಎಂಬುದೇ ನನ್ನ ಆರೋಪ.

ಆರೋಪಕ್ಕೆ ಸಾಕ್ಷ್ಯ ಬೇಕಲ್ಲವೆ? ಓದುಗರು ಈ ಎರಡು ವಾಕ್ಯಗಳನ್ನು ಓದಬೇಕಾಗಿ ಬಿನ್ನಹ: ‘ಗುಂಬಲನು ಝೊಂಪೆಯಲ್ಲಿ ಮರಟಿದನು. ಆದುದರಿಂದ ಚೊಂಕರು ಅವನನ್ನು ಡಬಿಸಿದರು.’ ಈಗ ಪ್ರಶ್ನೆಗಳು. ಗುಂಬಲನು ಎಲ್ಲಿ ಮರಟಿದನು? ಝೊಂಪೆಯಲ್ಲಿ. ಅವನನ್ನು ಡಬಿಸಿದವರು ಯಾರು? ಚೊಂಕರು. ಅವನನ್ನು ಏಕೆ ಡಬಿಸಿದರು? ಝೊಂಪೆಯಲ್ಲಿ ಮರಟಿದ್ದರಿಂದ. ಮೂರಕ್ಕೆ ಮೂರು ಅಂಕ! ಒಂದು ಪದಕ್ಕೂ ಅರ್ಥವಿಲ್ಲ. ನಾನೇ ಕಟ್ಟಿದ ಪದಗಳವು. ವಾಕ್ಯದ ಆಕಾರ ಗೊತ್ತಿದ್ದರೆ ಸಾಕು, ಉತ್ತರ ತಾನಾಗಿ ಬರುತ್ತದೆ. ನಮ್ಮ ಮಕ್ಕಳ ಪಾಲಿಗೆ ಮಂಡೇಲಾ ಎಂಬ ಮಹಾಪುರುಷ ಇಂಥ ಒಬ್ಬ ಗುಂಬಲನಾಗಿದ್ದಾನೆ.

ಇಲ್ಲಿ ನನ್ನ ತಪ್ಪೊಪ್ಪಿಗೆಯನ್ನೂ ದಾಖಲಿಸಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳಿದವನು ನಾನು. “ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕು, ಆ ಸಾಲನ್ನು ಎತ್ತಿ ಬರೆ” ಎಂಬ ಉಪಾಯವನ್ನು ನೂರಾರು ಮಕ್ಕಳಿಗೆ ಕಲಿಸಿದ್ದೇನೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಏರಬೇಕಿತ್ತು, ಏರಿತು. ಶಾಲೆಗೆ ಒಳ್ಳೆಯ ಹೆಸರು ಬಂತು. ಆ ಸಾಲಿನೊಳಗೆ ಏನಿತ್ತೆಂದು ಕೇಳಲು ನನಗೆ ಬಿಡುವಿರಲಿಲ್ಲ. ಆದುದರಿಂದ ಈ ಖಂಡನೆಯ ಮೊದಲ ಪಾಲು ನನ್ನದೇ.

ಆ ಹಾಳೆ ಏನನ್ನು ಕೇಳಬಹುದಿತ್ತು ಎಂಬುದನ್ನು ನೋಡೋಣ. ಮಂಡೇಲಾರಿಗೆ ತಂದೆ ಇಟ್ಟ ಹೆಸರು ರೋಲಿಹ್ಲಾಹ್ಲಾ. ಷೋಸಾ ಭಾಷೆಯಲ್ಲಿ ಅದಕ್ಕೆ ಮರದ ಕೊಂಬೆಯನ್ನು ಎಳೆಯುವವನು ಎಂದರ್ಥ, ಆಡುಮಾತಿನಲ್ಲಿ, ತಂಟೆಕೋರ. ‘ನೆಲ್ಸನ್’ ಎಂಬುದು ಶಾಲೆಗೆ ಸೇರಿದ ಮೊದಲ ದಿನ ಅಧ್ಯಾಪಕಿಯೊಬ್ಬರು ಕೊಟ್ಟ ಹೆಸರು. ಕರಿಯ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್ ಹೆಸರೊಂದನ್ನು ತೊಡಿಸುವುದು ಅಂದಿನ ರೂಢಿಯಾಗಿತ್ತು. ಹಾಳೆಯ ಮೊದಲ ಪದವೇ ‘ನೆಲ್ಸನ್’. ಅದರ ಹಿಂದೆ ಇಷ್ಟು ದೊಡ್ಡ ಕಥೆಯಿದೆ. ಆ ಅಧ್ಯಾಪಕಿ ಕೆಟ್ಟವರಾಗಿದ್ದರೆಂದು ನಾನು ಹೇಳಲಾರೆ. ಪದ್ಧತಿ ಹೇಳಿದ್ದನ್ನು ಅವರು ಮಾಡಿದರು, ನಾನು ಮಾಡಿದಂತೆಯೇ.

ಎರಡನೆಯದು. ‘ಮಂಡೇಲಾ ಶಾಂತಿಯುತವಾಗಿ ಹೋರಾಡಿದರು’ ಎಂಬ ಒಂದೇ ಸಾಲಿನಲ್ಲಿ ಹಾಳೆ ಅರ್ಧ ಶತಮಾನವನ್ನು ದಾಟಿಬಿಡುತ್ತದೆ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬಲ್ಲಿ, ಕರಿಯರು ಸದಾ ಪಾಸ್ ಪುಸ್ತಕವನ್ನು ಜೊತೆಯಲ್ಲಿಟ್ಟುಕೊಂಡೇ ತಿರುಗಬೇಕೆಂಬ ಕಾನೂನನ್ನು ಪ್ರತಿಭಟಿಸಿದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನು ನಿಷೇಧಿಸಲಾಯಿತು. ಮರುವರ್ಷವೇ ಮಂಡೇಲಾ ಸಶಸ್ತ್ರ ದಳವೊಂದನ್ನು ಕಟ್ಟುವುದರಲ್ಲಿ ಮುಂದಾದರು. 1964ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾದುದು ವಿಧ್ವಂಸಕ ಕೃತ್ಯಗಳ ಆರೋಪದ ಮೇಲೆ. ಗಾಂಧೀಜಿಯನ್ನು ಗೌರವಿಸುತ್ತಿದ್ದ ಈ ಮನುಷ್ಯ ಆ ದಾರಿಯನ್ನೇಕೆ ಹಿಡಿದರು? ಹಿಡಿದದ್ದು ಸರಿಯೆ? ಒಂಬತ್ತನೆಯ ತರಗತಿಯ ಮಗು ಇದನ್ನು ಚರ್ಚಿಸಲಾರದೆಂದು ತಿಳಿಯುವವರು ಮಕ್ಕಳನ್ನು ಅರಿತವರಲ್ಲ.

ಮೂರನೆಯದು. 1985ರಲ್ಲಿ ಅಧ್ಯಕ್ಷ ಬೋಥಾ ಅವರು, ಹಿಂಸೆಯನ್ನು ತ್ಯಜಿಸುವುದಾಗಿ ಒಪ್ಪಿದರೆ ಬಿಡುಗಡೆ ಮಾಡುವುದಾಗಿ ತಿಳಿಸಿದರು. ಮಂಡೇಲಾ ಒಪ್ಪಲಿಲ್ಲ. ಅವರ ನಿರಾಕರಣೆಯನ್ನು ಮಗಳು ಜಿಂಜಿ ಸೊವೆಟೊದ ಕ್ರೀಡಾಂಗಣದಲ್ಲಿ ಜನರ ಮುಂದೆ ಓದಿದಳು. ಮತ್ತೆ ಐದು ವರ್ಷ ಸೆರೆವಾಸ. 27 ಎಂಬ ಅಂಕಿಯ ಕೊನೆಯ ಐದು ವರ್ಷಗಳು ಅವರೇ ಆರಿಸಿಕೊಂಡವು ಎಂಬುದು ತಿಳಿದಾಗ ಆ ಅಂಕಿಗೆ ಜೀವ ಬರುತ್ತದೆ. ಅದುವರೆಗೆ ಅದು ಬಿಟ್ಟ ಸ್ಥಳ ತುಂಬುವ ಉತ್ತರ ಮಾತ್ರ.

ಇನ್ನು ನಮ್ಮಂಥ ಗಡಿಯವರಿಗೆ ಎಲ್ಲಕ್ಕಿಂತ ಹತ್ತಿರವಾದ, ಹಾಳೆಯಲ್ಲಿ ಸುಳಿವೇ ಇಲ್ಲದ ಸಂಗತಿಗೆ ಬರುತ್ತೇನೆ. ವರ್ಣಭೇದದ ಸರಕಾರ ತನ್ನ ನೀತಿಯನ್ನು ನೆಲೆಗೊಳಿಸಲು ಮುಖ್ಯವಾಗಿ ಬಳಸಿದ ಸಾಧನಗಳಲ್ಲಿ ಶಾಲೆಯೂ ಒಂದು. 1953ರ ಬಂಟು ಶಿಕ್ಷಣ ಕಾಯಿದೆ ಕರಿಯ ಮಕ್ಕಳಿಗೆ ಬೇರೆಯೇ, ಕೆಳದರ್ಜೆಯ ವಿದ್ಯೆಯನ್ನು ಗೊತ್ತುಮಾಡಿತು. 1974ರಲ್ಲಿ ಮತ್ತೊಂದು ಆಜ್ಞೆ ಬಂತು: ಗಣಿತ, ಸಮಾಜ ಪಾಠ ಮೊದಲಾದವನ್ನು ಆಳುವವರ ಭಾಷೆಯಾದ ಆಫ್ರಿಕಾನ್ಸ್‌ನಲ್ಲಿ ಕಲಿಸಬೇಕು. ಕಲಿಸಬೇಕಾದ ಅಧ್ಯಾಪಕರಲ್ಲಿ ಅನೇಕರಿಗೇ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. 1976ರ ಜೂನ್ 16ರಂದು ಸೊವೆಟೊದ ಸಾವಿರಾರು ವಿದ್ಯಾರ್ಥಿಗಳು ಸಮವಸ್ತ್ರದಲ್ಲೇ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತ ಮಕ್ಕಳಲ್ಲಿ ಹೆಕ್ಟರ್ ಪೀಟರ್ಸನ್‌ಗೆ ಹನ್ನೆರಡೇ ವರ್ಷ.

ಈ ಕಥೆಯನ್ನು ನಮ್ಮ ವೇದಿಕೆಗಳಿಗೆ ತರುವಾಗ ಪ್ರಾಮಾಣಿಕರಾಗಿರೋಣ. ಸೊವೆಟೊದ ಮಕ್ಕಳು ಮಾತೃಭಾಷಾ ಮಾಧ್ಯಮವನ್ನು ಕೇಳಿ ಬೀದಿಗಿಳಿಯಲಿಲ್ಲ. ಆಫ್ರಿಕಾನ್ಸ್ ಬೇಡವೆಂದರು, ಇಂಗ್ಲಿಷಿಗೆ ಅವರ ವಿರೋಧವಿರಲಿಲ್ಲ. ಬಂಟು ಶಿಕ್ಷಣವು ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯನ್ನೇ ಬಳಸಿತ್ತು, ಕರಿಯರನ್ನು ಅವರವರ ಬೇಲಿಯೊಳಗೆ ಕೂಡಿಹಾಕುವುದಕ್ಕೆ. ಆದುದರಿಂದ ‘ಮಾತೃಭಾಷೆ’ ಎಂದು ಕೂಗಿದ ಮಾತ್ರಕ್ಕೆ ನ್ಯಾಯ ನಮ್ಮ ಪಕ್ಷಕ್ಕೆ ಬಂದುಬಿಡುವುದಿಲ್ಲ. ಆ ಮಕ್ಕಳ ಬೇಡಿಕೆಯ ತಿರುಳು ಇಷ್ಟು: ನಮಗೆ ಅರ್ಥವಾಗದಂತೆ ಕಲಿಸಬೇಡಿ. ಗಡಿನಾಡಿನ ಪೀಡೆ ವರ್ಣಭೇದವಲ್ಲ. ಇಲ್ಲಿ ಪಾಸ್ ಪುಸ್ತಕವಿಲ್ಲ. ಹಾಗೆ ಹೋಲಿಸುವುದು ಸತ್ತವರಿಗೆ ಮಾಡುವ ಅವಮಾನ. ಆದರೆ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಮಕ್ಕಳು ಪಿಳಿಪಿಳಿ ಕಣ್ಣುಬಿಟ್ಟು ಕುಳಿತದ್ದನ್ನು ನಾನು ಕಂಡಿದ್ದೇನೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಬೇಕೆಂದು ಹೇಳುವಾಗ ಅದರ ತಿರುಳೂ ಇದೇ.

ಹಾಗೆಂದು ಸರಕಾರಗಳನ್ನು ದೂರಿ ಕುಳಿತರೆ ಸಾಲದು. ನಮ್ಮ ಮಕ್ಕಳಿಗೆ ಅರ್ಥವಾಗದ ಪಾಠವನ್ನು ಇಂದು ಯಾವ ಪೊಲೀಸನೂ ಬಲವಂತವಾಗಿ ಹೇರುತ್ತಿಲ್ಲ. ಶುಲ್ಕ ಕಟ್ಟಿ, ವಾಹನ ಗೊತ್ತುಮಾಡಿ, ನಾವೇ ಅದರತ್ತ ಕಳುಹಿಸುತ್ತಿದ್ದೇವೆ. ಹತ್ತರಲ್ಲಿ ಹತ್ತು ಬಂದಾಗ ಸಿಹಿ ಹಂಚುತ್ತೇವೆ. ರಾಜ್ಯೋತ್ಸವದ ದಿನ ಶಾಲು ಹೊದ್ದು ಕನ್ನಡದ ಅಳಿವು ಉಳಿವಿನ ಬಗ್ಗೆ ಕಣ್ಣೀರು ಸುರಿಸುವ ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಮಗುವಿನ ಇಂಗ್ಲಿಷ್ ಪಾಠವನ್ನು ಒಮ್ಮೆಯಾದರೂ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿಸಿದ್ದೇವೆ?

ಆಕ್ಷೇಪಗಳು ಬರುತ್ತವೆ. “ಅದು ಇಂಗ್ಲಿಷ್ ಪರೀಕ್ಷೆ, ಚರಿತ್ರೆಯ ಪರೀಕ್ಷೆಯಲ್ಲ” ಎನ್ನುವರು. ಹಾಗಾದರೆ ಮಂಡೇಲಾರನ್ನು ಕರೆತಂದದ್ದೇಕೆ? ಟೂತ್‌ಪೇಸ್ಟಿನ ಜಾಹೀರಾತನ್ನು ಕೊಟ್ಟರೂ ಆಗುತ್ತಿತ್ತು. ಮೌಲ್ಯಶಿಕ್ಷಣದ ಹೆಸರಿನಲ್ಲಿ ಮಹಾತ್ಮರನ್ನು ಕರೆತಂದು ಕ್ರಿಯಾಪದ ಹುಡುಕಲು ನಿಲ್ಲಿಸುವುದು ಅತಿಥಿಯನ್ನು ಕರೆದು ಕಟ್ಟಿಗೆ ಒಡೆಯಲು ಹೇಳಿದಂತೆ. “ಕನ್ನಡದಲ್ಲಿ ವಿವರಿಸಿದರೆ ಇಂಗ್ಲಿಷ್ ಬರುವುದಿಲ್ಲ” ಎನ್ನುವರು. ಮಂಜೇಶ್ವರದ ಗೋವಿಂದ ಪೈಗಳು ಹಲವಾರು ಭಾಷೆಗಳನ್ನು ಬಲ್ಲವರಾಗಿದ್ದರು. ಕನ್ನಡವು ಅವರಿಗೆ ಅಡ್ಡ ಬರಲಿಲ್ಲ. ಅರ್ಥವಾದ ಸಂಗತಿಯನ್ನು ಹೇಳಲು ಮಗು ಪದಗಳಿಗಾಗಿ ತಡಕಾಡುತ್ತದೆ. ಭಾಷೆ ಬರುವುದು ಆ ತಡಕಾಟದಿಂದಲೇ. ಅರ್ಥವಾಗದುದನ್ನು ಹೇಳಲು ಯಾರೂ ತಡಕಾಡುವುದಿಲ್ಲ, ನಕಲು ಮಾಡುತ್ತಾರೆ.

ಮಂಡೇಲಾ ಸ್ವತಃ ಏನು ಮಾಡಿದರು? ರಾಬೆನ್ ದ್ವೀಪದ ಸುಣ್ಣಕಲ್ಲಿನ ಕ್ವಾರಿಯಲ್ಲಿ ಹಗಲು ದುಡಿದರು. ಕೈದಿಗಳು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಅಲ್ಲಿ ಮಂಡೇಲಾ ಕಲಿತ ವಿಷಯಗಳಲ್ಲಿ ಒಂದು ಆಫ್ರಿಕಾನ್ಸ್. ತನ್ನನ್ನು ಸೆರೆಯಲ್ಲಿಟ್ಟವರ ಭಾಷೆ! ಕಾವಲುಗಾರನ ಮನಸ್ಸನ್ನು, ಅವನ ಭಯವನ್ನು, ಅವನ ಚರಿತ್ರೆಯನ್ನು ತಿಳಿಯುವುದಕ್ಕಾಗಿ ಅದನ್ನು ಕಲಿತರು. ಮುಂದೆ ಅವರು ಅಧ್ಯಕ್ಷರಾಗಿದ್ದಾಗಲೇ, 1996ರಲ್ಲಿ, ರೂಪುಗೊಂಡ ಸಂವಿಧಾನ ಹನ್ನೊಂದು ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ಅವುಗಳಲ್ಲಿ ಷೋಸಾ ಇತ್ತು. ಆಫ್ರಿಕಾನ್ಸ್ ಕೂಡ ಇತ್ತು. ಅರ್ಥಗ್ರಹಣ ಎಂದರೆ ಇದು. ತನ್ನ ಭಾಷೆಯನ್ನು ಬಿಡದೆ ಎದುರಿನವನ ಭಾಷೆಯೊಳಕ್ಕೆ ಹೋಗಿ ಅವನನ್ನು ತಿಳಿಯುವುದು. ನಮ್ಮ ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ಈ ಬಗೆಯಲ್ಲಿ ಕಲಿಯಲಿ. ನನಗದು ಹೆಮ್ಮೆ.

ಆದುದರಿಂದ ಈ ಸಮ್ಮೇಳನದ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ. ಒಂದು: ಅಧ್ಯಾಪಕ ಮಿತ್ರರು ಪ್ರತಿಯೊಂದು ಗದ್ಯಭಾಗಕ್ಕೂ, ಸಾಲನ್ನು ಎತ್ತಿ ಬರೆದು ಉತ್ತರಿಸಲಾಗದ ಒಂದು ಪ್ರಶ್ನೆಯನ್ನಾದರೂ ಸೇರಿಸಲಿ. ಎರಡು: ಬರೆಯುವ ಮೊದಲು ಹತ್ತು ನಿಮಿಷ ಮಕ್ಕಳು ತಮ್ಮ ಭಾಷೆಯಲ್ಲಿ ವಾದಿಸಲಿ, ಅನಂತರ ಇಂಗ್ಲಿಷಿನಲ್ಲಿ ಬರೆಯಲಿ, ತಪ್ಪಿರುವ ಸ್ವಂತ ವಾಕ್ಯಕ್ಕೆ ತಪ್ಪಿಲ್ಲದ ನಕಲಿಗಿಂತ ಹೆಚ್ಚಿನ ಅಂಕವಿರಲಿ. ಮೂರು: ನಮ್ಮ ಸಂಘದಲ್ಲಿ ನಿವೃತ್ತ ಅಧ್ಯಾಪಕರಿಗೆ ಕೊರತೆಯಿಲ್ಲ, ಶನಿವಾರಗಳಿಗೂ ಕೊರತೆಯಿಲ್ಲ. ವಾಚನಾಲಯದಲ್ಲಿ ಕುಳಿತು, ಮಕ್ಕಳ ಇಂಗ್ಲಿಷ್ ಪಾಠದಲ್ಲಿ ಬರುವ ವ್ಯಕ್ತಿಗಳ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ನಾವೇಕೆ ವಹಿಸಿಕೊಳ್ಳಬಾರದು? ಮೊದಲ ಶನಿವಾರಕ್ಕೆ ನನ್ನ ಹೆಸರನ್ನು ಬರೆದುಕೊಳ್ಳಿ.

ಆ ಸಂಜೆ ಮೊಮ್ಮಗಳಿಗೆ ಪಾಸ್ ಪುಸ್ತಕದ ಕಥೆಯನ್ನು, ಸೊವೆಟೊದ ಮಕ್ಕಳ ಕಥೆಯನ್ನು ಹೇಳಿದೆ. ಕರೆಂಟು ಹೋಗಿತ್ತು, ಮಳೆ ಬಿಟ್ಟಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಅಜ್ಜ, ಆ ಹುಡುಗನಿಗೆ ಹನ್ನೆರಡೇ ವರ್ಷವಾ? ಅವನ ಟೀಚರಿಗೂ ಆ ಭಾಷೆ ಬರುತ್ತಿರಲಿಲ್ಲವಾ?” ನನ್ನ ಅಧ್ಯಾಪನದ ಅಷ್ಟೂ ವರ್ಷಗಳಲ್ಲಿ ಮಂಡೇಲಾರ ಪಾಠದ ಬಗ್ಗೆ ಯಾವ ಮಗುವೂ ನನಗೆ ಎದುರು ಪ್ರಶ್ನೆ ಹಾಕಿರಲಿಲ್ಲ. ಹಾಕುವಂತೆ ನಾನು ಕಲಿಸಿರಲೂ ಇಲ್ಲ.