ಬಾಗಿಲಿನಾಚೆಗೆ ಹೋದ ಭಯ

ಕಳೆದ ಬೇಸಿಗೆಯಲ್ಲಿ ಕಡೂರಿನ ಬಂಧುಗಳೊಬ್ಬರ ಮನೆಯಲ್ಲಿ ಕೆಲವು ದಿನ ಉಳಿದಿದ್ದೆ. ಒಂದು ಸಂಜೆ ಆ ಮನೆಯ ಮಕ್ಕಳು, ಅವರ ತಾಯಂದಿರು, ಮಂಡಿನೋವಿನ ಅಜ್ಜಿ ಎಲ್ಲರೂ ಟಿ.ವಿ. ಮುಂದೆ ಸೇರಿ ‘ಸ್ತ್ರೀ 2’ ಎಂಬ ಹಿಂದಿ ಚಿತ್ರ ನೋಡುತ್ತಿದ್ದರು. ರುಂಡವಿಲ್ಲದ ದೆವ್ವ ತೆರೆಯ ಮೇಲೆ ಕಾಣಿಸಿಕೊಂಡಾಗ ಮಕ್ಕಳು ಚೀರಲಿಲ್ಲ, ನಕ್ಕರು. ಅದನ್ನು ಎದುರಿಸಲು ಹೆಣ್ಣು ದೆವ್ವ ಬಂದಾಗ ಚಪ್ಪಾಳೆ ತಟ್ಟಿದರು. ‘ಇವಳು ಒಳ್ಳೆ ದೆವ್ವ, ತಾತ. ಊರು ಕಾಯ್ತಾಳೆ’ ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ನನಗೆ ಕತೆಯ ಹಿನ್ನೆಲೆಯನ್ನು ವಿವರಿಸಿದಳು.

ಆ ‘ಒಳ್ಳೆ ದೆವ್ವ’ದ ಪರಿಚಯ ನನಗೆ ಆ ಹುಡುಗಿಗಿಂತ ಹಳೆಯದು. 1990ರ ದಶಕದಲ್ಲಿ ನಾನು ತರೀಕೆರೆಯಲ್ಲಿ ತಹಸೀಲ್ದಾರನಾಗಿದ್ದೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಬೆಂಗಳೂರಿನ ಸುತ್ತಮುತ್ತಲಿನಿಂದ ಹಿಡಿದು ರಾಜ್ಯದ ಅನೇಕ ಹಳ್ಳಿಗಳವರೆಗೆ ಆ ವರ್ಷಗಳಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಹೆಣ್ಣು ದೆವ್ವವೊಂದು ಬಂದು, ತಾಯಿಯದೋ ಬಂಧುಗಳದೋ ಧ್ವನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ. ಬಾಗಿಲು ತೆರೆದವನಿಗೆ ಸಾವು ಖಚಿತ. ಇದಕ್ಕೆ ಜನ ಕಂಡುಕೊಂಡ ಪರಿಹಾರ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಸರ್ಕಾರಿ ಕಚೇರಿಯಲ್ಲಿ ಮೂರು ದಶಕ ಕಳೆದ ನನಗೆ ಈ ಎರಡು ಶಬ್ದಗಳ ಶಕ್ತಿಯ ಬಗ್ಗೆ ಎಂದೂ ಸಂದೇಹವಿರಲಿಲ್ಲ. ಅಜ್ಜಂಪುರ ಕಡೆಯ ಹಳ್ಳಿಗಳಿಗೆ ಜೀಪಿನಲ್ಲಿ ಹೋಗುವಾಗ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದ ಈ ಬರಹವನ್ನು ನೋಡಿದ್ದೇನೆ.

ಕರ್ನಾಟಕದ ಈ ಸುದ್ದಿಯನ್ನು ಆಧರಿಸಿಯೇ ರಾಜ್ ಮತ್ತು ಡಿ.ಕೆ. ಜೋಡಿ ‘ಸ್ತ್ರೀ’ ಚಿತ್ರದ ಕತೆ ಹೆಣೆಯಿತು. ಅಮರ್ ಕೌಶಿಕ್ ನಿರ್ದೇಶನದ ಆ ಚಿತ್ರ 2018ರಲ್ಲಿ ತೆರೆಕಂಡಿತು. ಕತೆಯ ಊರು ಮಧ್ಯಪ್ರದೇಶದ ಚಂದೇರಿ. ನಮ್ಮ ‘ನಾಳೆ ಬಾ’ ಅಲ್ಲಿ ಹಿಂದಿಯಲ್ಲಿ ಗೋಡೆ ಏರಿದೆ. ನಮ್ಮ ಊರಿನ ಸರಕನ್ನು ಹೊರಗಿನವರು ಕೊಂಡು, ಸಂಸ್ಕರಿಸಿ, ನಮಗೇ ಮಾರುವುದು ಅಡಿಕೆ, ಕಾಫಿಯ ವಿಷಯದಲ್ಲಿ ಹಳೆಯ ಸಂಗತಿ. ಭಯದ ವಿಷಯದಲ್ಲಿಯೂ ಅದು ಸಾಧ್ಯವೆಂದು ಕನ್ನಡದ ನಿರ್ಮಾಪಕರಿಗೆ ಹೊಳೆಯಲಿಲ್ಲ.

ಸಿನಿಮಾ ವಿಮರ್ಶೆ ನನ್ನ ಕ್ಷೇತ್ರವಲ್ಲ. ಆದರೆ ಹಾರರ್ ಚಿತ್ರವೊಂದು ಗೆದ್ದು, ಸರಣಿಯಾಗಿ, ಕುಟುಂಬ ಸಮೇತ ನೋಡುವ ಹಬ್ಬದ ಸರಕಾಗುವಾಗ ಅದರೊಳಗೆ ಏನು ಬದಲಾಗುತ್ತದೆ ಎಂಬುದು ಕೇವಲ ಸಿನಿಮಾದ ಪ್ರಶ್ನೆಯಲ್ಲ. ದೃಶ್ಯಗಳ ಅದ್ದೂರಿ ಹೆಚ್ಚುತ್ತದೆ, ಹಾಸ್ಯ ಹೆಚ್ಚುತ್ತದೆ, ಅತಿಥಿ ತಾರೆಯರು ಬರುತ್ತಾರೆ. ಇವು ಎಲ್ಲರಿಗೂ ಕಾಣುವ ಬದಲಾವಣೆಗಳು. ಅಷ್ಟಾಗಿ ಕಾಣದ ಬದಲಾವಣೆಯೆಂದರೆ ತಪ್ಪಿನ ವಿಳಾಸ ಬದಲಾಗುವುದು.

ಮೊದಲ ‘ಸ್ತ್ರೀ’ಯ ಹೂರಣ ಇದು: ಗಣಿಕೆಯೊಬ್ಬಳು ತನ್ನನ್ನು ಪ್ರೀತಿಸಿದವನನ್ನು ಮದುವೆಯಾದ ರಾತ್ರಿಯೇ ಊರಿನವರು ಇಬ್ಬರನ್ನೂ ಕೊಂದಿದ್ದಾರೆ. ಅವಳು ದೆವ್ವವಾಗಿ ಗಂಡಸರನ್ನು ಹೊತ್ತೊಯ್ಯುತ್ತಾಳೆ. ಕತ್ತಲಾದ ಮೇಲೆ ಗಂಡಸರು ಹೊರಗೆ ಹೋಗಲು ಹೆದರುತ್ತಾರೆ, ಹೆಂಗಸರಿಗೆ ಆ ಭಯವಿಲ್ಲ. ನಗಿಸುತ್ತಲೇ ಆ ಚಿತ್ರ ಒಂದು ಊರಿಗೆ ಊರೇ ಅಪರಾಧಿ ಎಂದು ಹೇಳಿತ್ತು. ಕೊನೆಯಲ್ಲಿ ಊರಿನವರು ಗೋಡೆಯ ಬರಹವನ್ನು ಬದಲಿಸಿ, ‘ನಾಳೆ ಬಾ’ ಎನ್ನುವುದರ ಬದಲು ‘ರಕ್ಷಿಸು’ ಎಂದು ಬೇಡಿಕೊಳ್ಳುತ್ತಾರೆ. ಅಲ್ಲಿಗೆ ಅದು ಸಲ್ಲಬೇಕಾದ ಮರ್ಯಾದೆಯಾಗಿತ್ತು.

2024ರ ಆಗಸ್ಟ್ 15ರಂದು ಬಂದ ಎರಡನೆಯ ಭಾಗ ಆ ಕೊನೆಯ ಬರಹದಿಂದಲೇ ಹೊರಡುತ್ತದೆ. ದೆವ್ವ ಈಗ ಕಾವಲುಗಾರ್ತಿ. ಕಾವಲಿಗೆ ಕೆಲಸ ಬೇಕಲ್ಲ, ಅದಕ್ಕೆ ರುಂಡವಿಲ್ಲದ ಖಳನೊಬ್ಬ ಬರುತ್ತಾನೆ. ಸ್ವಂತ ಬುದ್ಧಿಯ ಹೆಣ್ಣುಮಕ್ಕಳನ್ನು ಅವನು ಹೊತ್ತೊಯ್ಯುತ್ತಾನೆ. ಮೊದಲ ಚಿತ್ರದಲ್ಲಿ ಊರಿನವರ ತಲೆಯ ಮೇಲಿದ್ದ ಪಾಪದ ದೊಡ್ಡ ಪಾಲು ತಲೆಯೇ ಇಲ್ಲದ ಈ ಗತಕಾಲದ ದುಷ್ಟನ ಲೆಕ್ಕಕ್ಕೆ ವರ್ಗಾವಣೆಯಾಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಊರಿನ ಗಂಡಸರು ಹೆಂಗಸರನ್ನು ಮನೆಯೊಳಗೆ ಅದುಮಿಡುವ ಸನ್ನಿವೇಶವೂ ಅಲ್ಲಿದೆ. ಆದರೆ ಅದು ಖಳನ ವಶೀಕರಣದ ಫಲ. ಮಾಟ ಕಳೆದೊಡನೆ ಎಲ್ಲರೂ ಮತ್ತೆ ಸಜ್ಜನರು. ಮೊದಲ ಭಾಗ ನೂರು ಕೋಟಿ ದಾಟಿದ್ದಕ್ಕೇ ಚಿತ್ರರಂಗ ಬೆರಗಾಗಿತ್ತು. ಎರಡನೆಯದು ದೇಶದೊಳಗೇ ಐನೂರು ಕೋಟಿ ರೂಪಾಯಿ ಮೀರಿತೆಂದು ವರದಿಯಾಯಿತು.

ಕನ್ನಡದ್ದೇ ಉದಾಹರಣೆ ಬೇಕೆಂದರೆ ನಾಗವಲ್ಲಿ ಇದ್ದಾಳೆ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಕನ್ನಡಕ್ಕೆ ಪಿ. ವಾಸು ನಿರ್ದೇಶನದಲ್ಲಿ, ದ್ವಾರಕೀಶ್ ನಿರ್ಮಾಣದಲ್ಲಿ ‘ಆಪ್ತಮಿತ್ರ’ವಾಗಿ 2004ರ ಆಗಸ್ಟಿನಲ್ಲಿ ಬಂದಿತು. ಅದೇ ವರ್ಷ ಏಪ್ರಿಲ್ 17ರಂದು ನಟಿ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಅವರನ್ನು ತೆರೆಯ ಮೇಲೆ ನೋಡಲು ಹೋದ ಜನ ನೋಡಿದ್ದು ಮನೆಯ ಸೊಸೆ ಗಂಗಾಳನ್ನು. ದೆವ್ವವನ್ನು ಹುಡುಕುತ್ತ ಹೋದವರು ಕೊನೆಗೆ ಬಂದು ನಿಲ್ಲುವುದು ತಮ್ಮ ಜೊತೆಯಲ್ಲೇ ಉಂಡು ಮಲಗುತ್ತಿದ್ದವಳ ಎದುರು. ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ವಿಷ್ಣುವರ್ಧನ್ ವಹಿಸಿದ್ದ ಮನೋವೈದ್ಯನ ಪಾತ್ರ ಹೇಳುತ್ತದೆ. ಆಚಾರ್ಯರ ಪೂಜೆ, ಹೋಮಗಳಿಗೂ ಅಲ್ಲಿ ಜಾಗವಿತ್ತು ನಿಜ. ನಮ್ಮಲ್ಲಿ ಯಾವ ಔಷಧವೂ ತೀರ್ಥವಿಲ್ಲದೆ ಗಂಟಲಿಗೆ ಇಳಿಯುವುದಿಲ್ಲ. ಆದರೂ ಮೈಮೇಲೆ ಬಂದಿತೆಂದು ಹೆಣ್ಣುಮಕ್ಕಳನ್ನು ದೆವ್ವ ಬಿಡಿಸುವವರ ಬಳಿಗೆ ಎಳೆದೊಯ್ಯುವ ನಾಡಿನಲ್ಲಿ ಆ ಚಿತ್ರ ಮಾಡಿದ ಕೆಲಸವನ್ನು ಆರೋಗ್ಯ ಇಲಾಖೆಯ ಎಷ್ಟೋ ಭಿತ್ತಿಪತ್ರಗಳು ಮಾಡಿರಲಿಲ್ಲ ಎಂಬುದು ನನ್ನ ನಂಬಿಕೆ.

ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರ ಫೆಬ್ರುವರಿಯಲ್ಲಿ ಬಂದಿತು, ಅದೂ ಸಾವಿನ ನೆರಳಿನಲ್ಲಿಯೇ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಿದ್ದರು. ಅಲ್ಲಿ ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆಗೆ ಬರುತ್ತದೆ. ಮನೋರೋಗದ ಎಳೆ ಪೂರ್ತಿ ಕಡಿದಿಲ್ಲ, ಆದರೆ ಮುಂದೆ ಬಂದು ನಿಲ್ಲುವುದು ನೂರು ವರ್ಷ ಮೀರಿಯೂ ಬದುಕಿರುವ ರಾಜ ವಿಜಯರಾಜೇಂದ್ರ ಬಹದ್ದೂರ್. ಪ್ರೇಕ್ಷಕರು ಸಿಳ್ಳೆ ಹೊಡೆದದ್ದು ಅವನಿಗೇ. ಮೊದಲ ಚಿತ್ರದಲ್ಲಿ ನರ್ತಕಿಯನ್ನು ಕೊಲ್ಲಿಸಿದವನು ಒಂದು ನೆನಪು ಮಾತ್ರ, ತೊಂದರೆ ಇದ್ದದ್ದು ಈ ಕಾಲದ ಒಂದು ಮನೆಯಲ್ಲಿ. ಎರಡನೆಯದರಲ್ಲಿ ಅವನು ಸಾಕ್ಷಾತ್ ಬದುಕಿರುವುದರಿಂದ ಅವನನ್ನು ಮುಗಿಸಿದರೆ ಲೆಕ್ಕ ಚುಕ್ತಾ. ಇದೇ ಕತೆಯ ಹಿಂದಿ ಕವಲು ಇನ್ನೂ ಮುಂದೆ ಹೋಯಿತು. 2007ರ ‘ಭೂಲ್ ಭುಲೈಯಾ’ದಲ್ಲಿ ಮನೋವೈದ್ಯನಿದ್ದ; 2022ರ ಎರಡನೆಯ ಭಾಗದಲ್ಲಿ ನಿಜವಾದ ದೆವ್ವ, ನಿಜವಾದ ಮಾಟ. ನಡುವಿನ ಅವಧಿಯಲ್ಲಿ, 2017ರಲ್ಲಿ, ನಮ್ಮ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರಗಳ ವಿರುದ್ಧ ಕಾಯ್ದೆಯನ್ನೇ ಅಂಗೀಕರಿಸಿತ್ತು. ಕಾನೂನು ಒಂದು ದಿಕ್ಕಿಗೆ ನಡೆದರೆ ಸಿನಿಮಾ ಇನ್ನೊಂದು ದಿಕ್ಕಿಗೆ ನಡೆಯಿತು.

ಏಕೆ ಹೀಗಾಗುತ್ತದೆ? 1929ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಬರೆದ ಪ್ರಬಂಧವೊಂದನ್ನು ಎಂ.ಎ. ತರಗತಿಯಲ್ಲಿ ನಮಗೆ ಪಾಠ ಮಾಡಿದ್ದರು. ಒಂದೇ ಬೀದಿಯಲ್ಲಿ ಎರಡು ಅಂಗಡಿಗಳಿದ್ದರೆ, ಪ್ರತಿಯೊಂದೂ ಹೆಚ್ಚು ಗಿರಾಕಿಗಳನ್ನು ಹಿಡಿಯಲು ಬೀದಿಯ ನಡುಭಾಗಕ್ಕೆ ಸರಿಯುತ್ತ ಕೊನೆಗೆ ಎರಡೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ ಎಂಬುದು ಅದರ ಸಾರ. ಬೀರೂರು ರಸ್ತೆಯ ಟೀ ಅಂಗಡಿಗಳನ್ನು ನೋಡಿದವರಿಗೆ ಇದಕ್ಕೆ ಗಣಿತ ಬೇಕಿಲ್ಲ. ಮೊದಲ ಚಿತ್ರಕ್ಕೆ ಹಾಕಿದ ಹಣ ಕಡಿಮೆ, ನಿರೀಕ್ಷೆ ಕಡಿಮೆ. ಆದ್ದರಿಂದ ಅದು ಬೀದಿಯ ತುದಿಯಲ್ಲಿ ನಿಂತು ಕೆಲವರನ್ನು ಹೆದರಿಸಬಲ್ಲದು. ಮುಂದುವರಿದ ಭಾಗಕ್ಕೆ ಹಾಕುವ ಬಂಡವಾಳ ಹಲವು ಪಟ್ಟು. ಅದು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರನ್ನೂ ಕೂರಿಸಬೇಕು. ಕುಟುಂಬ ಸಮೇತ ಟಿಕೆಟ್ ಕೊಳ್ಳುವವರ ಎದುರು ನಿಂತು ‘ತಪ್ಪು ನಿಮ್ಮ ಕುಟುಂಬದಲ್ಲಿದೆ’ ಎಂದು ಹೇಳುವ ವ್ಯಾಪಾರಿ ಯಾರಿದ್ದಾನೆ?

ಇದು ನಮ್ಮ ದೇಶಕ್ಕೆ ಸೀಮಿತವಾದ ನಿಯಮವೂ ಅಲ್ಲ. ಜಪಾನಿನ ‘ಗಾಡ್ಜಿಲ್ಲಾ’ 1954ರಲ್ಲಿ ಹುಟ್ಟಿದ್ದು ಅಣುಬಾಂಬಿನ ದುಃಸ್ವಪ್ನವಾಗಿ. ಹತ್ತೇ ವರ್ಷಗಳಲ್ಲಿ, 1964ರ ಚಿತ್ರದ ಹೊತ್ತಿಗೆ, ಅದೇ ಮೃಗ ಮೂರು ತಲೆಯ ಇನ್ನೊಂದು ಮೃಗದ ವಿರುದ್ಧ ಹೋರಾಡಿ ಭೂಮಿಯನ್ನು ಕಾಯುವಂತಾಯಿತು.

ಇದರಲ್ಲಿ ಹೊಸದೇನಿದೆ, ಅನ್ಯಾಯಕ್ಕೆ ಬಲಿಯಾದ ಹೆಣ್ಣನ್ನು ದೇವತೆಯಾಗಿಸಿ ಕಾವಲಿಗೆ ನಿಲ್ಲಿಸುವುದು ನಮ್ಮ ಹಳ್ಳಿಗಳ ಹಳೆಯ ರೂಢಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಕಡೂರು, ತರೀಕೆರೆ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಬರವಿಲ್ಲ. ಗಂಡನೊಡನೆ ಬೆಂಕಿಗೆ ಸಂದ ಹೆಣ್ಣು ಮಾಸ್ತಿಯಮ್ಮನಾಗುತ್ತಾಳೆ. ಕೆರೆಗೆ ಆಹುತಿಯಾದ ಭಾಗೀರಥಿಯ ಕತೆಯನ್ನು ಹೆಂಗಸರು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಾಸ್ತಿಗಲ್ಲು ಊರೊಳಗೇ ನಿಂತಿರುತ್ತದೆ. ವರ್ಷ ವರ್ಷವೂ ಎಣ್ಣೆ, ಕುಂಕುಮ ಹಚ್ಚುವಾಗ ಇವಳು ಯಾರು, ಏನಾಯಿತು ಎಂಬುದನ್ನು ಮನೆಯವರು ಒಮ್ಮೆಯಾದರೂ ನೆನೆಯಬೇಕು. ಭಾಗೀರಥಿಯನ್ನು ಕಳಿಸಿಕೊಟ್ಟದ್ದು ಮಾವ ಎಂಬುದನ್ನು ಹಾಡು ಮರೆತಿಲ್ಲ. ಆರಾಧನೆಯಲ್ಲಿಯೂ ಆರೋಪ ಉಳಿದಿತ್ತು. ಸರಣಿ ಚಿತ್ರದ ಆರಾಧನೆಯಲ್ಲಿ ಅದು ಉಳಿಯುವುದಿಲ್ಲ.

ಈ ವ್ಯತ್ಯಾಸ ನನಗೆ ಇಷ್ಟು ದೊಡ್ಡದಾಗಿ ಕಾಣುವುದಕ್ಕೆ ಕಾರಣವಿದೆ. ಮದುವೆಯಾಗಿ ಏಳು ವರ್ಷ ತುಂಬುವ ಮೊದಲು ಹೆಣ್ಣುಮಗಳೊಬ್ಬಳು ಅಸಹಜವಾಗಿ ಸತ್ತರೆ ಶವ ಪಂಚನಾಮೆಯನ್ನು ತಾಲ್ಲೂಕು ದಂಡಾಧಿಕಾರಿಯಾದ ತಹಸೀಲ್ದಾರನೇ ನಡೆಸಬೇಕು. ಅಜ್ಜಂಪುರ ಹೋಬಳಿಯ ಒಂದು ಹಳ್ಳಿಗೆ ಹಾಗೊಮ್ಮೆ ಹೋಗಬೇಕಾಯಿತು. ಮುಂಬಾಗಿಲ ಮೇಲೆ ‘ನಾಳೆ ಬಾ’ ಎಂದಿತ್ತು. ಅಕ್ಷರಗಳು ದುಂಡಗೆ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದಂತೆ ಇದ್ದವು. ಒಳಗೆ ಇಪ್ಪತ್ತೆರಡು ವರ್ಷದ ಸೊಸೆಯ ಸುಟ್ಟ ದೇಹ. ಸೀಮೆಎಣ್ಣೆ ಸ್ಟೌ ಸಿಡಿಯಿತು ಎಂದು ಗಂಡ, ಅತ್ತೆ, ಮಾವ ಮೂವರೂ ಒಂದೇ ಮಾತು ಹೇಳಿದರು. ಅಡುಗೆಮನೆಯ ಮೂಲೆಯಲ್ಲಿದ್ದ ಸ್ಟೌ ಸಿಡಿದಿರಲಿಲ್ಲ. ಹೇಳಿಕೆ ಬರೆದುಕೊಂಡು ಸಹಿ ಕೇಳಿದಾಗ ಮೂವರೂ ಹೆಬ್ಬೆಟ್ಟು ಒತ್ತಿದರು. ಹಾಗಾದರೆ ಬಾಗಿಲ ಮೇಲೆ ಬರೆದವರು ಯಾರು ಎಂದು ಸುಮ್ಮನೆ ಕೇಳಿದೆ. ಯಾರೂ ಉತ್ತರಿಸಲಿಲ್ಲ. ಪಕ್ಕದ ಮನೆಯ ಮುದುಕಿಯೊಬ್ಬಳು, ‘ಆ ಮನೇಲಿ ಅಕ್ಷರ ಬಲ್ಲವಳು ಅವಳೊಬ್ಬಳೇ ಸ್ವಾಮಿ, ಏಳನೇ ಕ್ಲಾಸು ಓದಿದ್ಲು’ ಎಂದಳು.

ಹೊರಗಿನ ಹೆಣ್ಣೊಬ್ಬಳು ಒಳಗೆ ಬಾರದಿರಲೆಂದು ಆ ಮನೆಯವರು ಹೆದರಿ, ಮನೆಯೊಳಗಿನ ಹೆಣ್ಣಿನ ಕೈಯಿಂದ ಬರೆಸಿದ್ದರು. ಆ ಹುಡುಗಿ ಯಾರಿಗೆ ಹೆದರಬೇಕಿತ್ತೋ ಅವರು ಚಿಲಕದ ಈಚೆಗಿದ್ದರು.

ವರದಿ ಬರೆದು ಕಳಿಸಿದೆ. ಕೆಲವು ವರ್ಷಗಳ ನಂತರ, ಬೇರೆ ಜಿಲ್ಲೆಯಲ್ಲಿದ್ದಾಗ, ಸಾಕ್ಷಿ ಹೇಳಲು ಸಮನ್ಸ್ ಬಂದಿತು. ಅಷ್ಟರಲ್ಲಿ ಆ ಮುದುಕಿ ತೀರಿಕೊಂಡಿದ್ದಳು. ಉಳಿದ ಸಾಕ್ಷಿಗಳು ತಮಗೇನೂ ತಿಳಿಯದೆಂದರು. ಆರೋಪಿಗಳು ಬಿಡುಗಡೆಯಾದರು. ಇದು ಹಳೆಯ ಕಾಲದ ಕತೆ ಎಂದುಕೊಳ್ಳುವ ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿಯೂ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗಿವೆ. ಈ ಸಾವುಗಳ ಆರೋಪಪಟ್ಟಿಯಲ್ಲಿ ಕಾಣುವ ಹೆಸರುಗಳು ಗಂಡನದು, ಅವನ ಮನೆಯವರದು.

ಕಡೂರಿನ ಆ ಸಂಜೆ ಚಿತ್ರ ಮುಗಿದ ಮೇಲೆ, ನಮ್ಮ ಕಡೆಯ ಬಾಗಿಲುಗಳ ಮೇಲೂ ಹೀಗೆ ಬರೆಯುತ್ತಿದ್ದರೆಂದು ಮಕ್ಕಳಿಗೆ ಹೇಳಿದೆ. ‘ನಿಜವಾಗ್ಲೂ ದೆವ್ವ ಬಂದಿತ್ತಾ ತಾತ?’ ಎಂದು ಆ ಹುಡುಗಿ ಕೇಳಿದಳು. ನಾನು ನೋಡಿದ ಯಾವ ಮನೆಗೂ ಬಂದಿರಲಿಲ್ಲ ಎಂದೆ. ಅವಳಿಗೆ ನಿರಾಶೆಯಾದಂತೆ ಕಂಡಿತು. ಮೂರನೆಯ ಭಾಗ 2027ರ ಆಗಸ್ಟಿನಲ್ಲಿ ಬರುವುದೆಂದು ನಿರ್ಮಾಪಕರು 2025ರ ಜನವರಿಯಲ್ಲಿಯೇ ಘೋಷಿಸಿದ್ದಾರೆ. ಆ ದಿನಾಂಕವನ್ನು ನನಗೆ ತಿಳಿಸಿದವಳೂ ಅವಳೇ.